ಲ್ಯಾಬ್ ರಿಪೋರ್ಟ್ ಓದಲು ಬರುವ ವಕೀಲರು ಬೇಕಾ? ಮೈಸೂರಿನಲ್ಲಿ ಒಬ್ಬರಿದ್ದಾರೆ

ಹೆಸರು ಕೇಳಬೇಡಿ, ಹಾಕುವುದಿಲ್ಲ. ವಕೀಲರು ಜಾಹೀರಾತು ಕೊಡಬಾರದು ಎಂದು ಬಾರ್ ಕೌನ್ಸಿಲ್‌ನ ನಿಯಮ 36 ಹೇಳುತ್ತದೆ. ‘ಕಕ್ಷಿದಾರರು ಹೊಗಳಿ ಬರೆದರೂ ನಾನೇ ಹೇಳಿ ಬರೆಸಿದ ಹಾಗೆ ಕಾಣುತ್ತದೆ, ಬೇಡ’ ಎಂದು ಆ ವಕೀಲ ಮೇಡಂ ಸ್ವತಃ ಹೇಳಿದರು. ಆದರೂ ಬರೆಯುತ್ತಿದ್ದೇನೆ. ಮಿಕ್ಸಿ ಕೆಟ್ಟರೆ ಗ್ರಾಹಕರ ಕೋರ್ಟಿಗೆ ಹೋಗಬಹುದು, ವಕೀಲರು ಕೇಸು ಕೆಡಿಸಿದರೆ ಅಲ್ಲಿಗೆ ಹೋಗುವ ಹಾಗಿಲ್ಲ. ವಕೀಲರ ಕೆಲಸ ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಂದಮೇಲೆ ಆರಿಸುವಾಗಲೇ ಹುಷಾರಾಗಿರಬೇಕು ಅಲ್ವಾ. ನಾನು ಆರಿಸಿದ್ದು ಹೇಗೆ, ದುಡ್ಡಿಗೆ ತಕ್ಕ ಕೆಲಸ ಸಿಕ್ಕಿತಾ ಅನ್ನೋದಷ್ಟೇ ಇಲ್ಲಿ.

ನಮ್ಮದು ಕೊಡಗಿನಲ್ಲಿ ಸಣ್ಣ ಜೇನಿನ ವ್ಯಾಪಾರ. ಸುತ್ತಮುತ್ತಲಿನ ಪೆಟ್ಟಿಗೆ ಜೇನು ಸಾಕುವವರಿಂದ ಕೊಳ್ಳುತ್ತೇವೆ, ಸೋಸಿ, ಬಾಟಲಿಗೆ ತುಂಬಿ, ಲೇಬಲ್ ಹಚ್ಚಿ ಬೇರೆ ಜಿಲ್ಲೆಗಳ ಅಂಗಡಿಗಳಿಗೆ ಕಳಿಸುತ್ತೇವೆ. ಒಂದು ಏಪ್ರಿಲ್‌ನಲ್ಲಿ ಬಯಲುಸೀಮೆಯ ಒಂದು ಊರಿನ ಅಂಗಡಿಯಿಂದ ನಮ್ಮ ಬಾಟಲಿಗಳನ್ನು ಸ್ಯಾಂಪಲ್ ಅಂತ ತೆಗೆದುಕೊಂಡು ಹೋದರು. ಊರು ಯಾವುದು ಅನ್ನೋದು ಬೇಡ. ಆಮೇಲೆ ರಿಪೋರ್ಟ್ ಬಂತು: ಎಚ್‌ಎಂಎಫ್ ಅನ್ನೋ ಒಂದು ರಾಸಾಯನಿಕ ಕೆಜಿಗೆ 96 ಮಿಲಿಗ್ರಾಂ, ಇರಬೇಕಾದದ್ದು ಹೆಚ್ಚೆಂದರೆ 80, ಆದ್ದರಿಂದ ಮಾಲು ‘ಸಬ್‌ಸ್ಟ್ಯಾಂಡರ್ಡ್’, ಅಂದರೆ ನಿಗದಿ ಮಾಡಿದ ಗುಣಮಟ್ಟಕ್ಕಿಂತ ಕೆಳಗಿನದ್ದು. ಆಹಾರ ಸುರಕ್ಷತಾ ಕಾಯ್ದೆಯ ಸೆಕ್ಷನ್ 51ರಲ್ಲಿ ಇದಕ್ಕೆ ಐದು ಲಕ್ಷದವರೆಗೆ ದಂಡ ಹಾಕಬಹುದು. ನಮ್ಮ ವರ್ಷದ ಲಾಭ ಎಷ್ಟು ಅಂತ ಗೊತ್ತಿದ್ದವರಿಗೆ ಆ ರಾತ್ರಿ ನಿದ್ದೆ ಬಂತಾ ಅಂತ ಕೇಳುವ ಅಗತ್ಯ ಇರಲ್ಲ.

ದಂಡಕ್ಕಿಂತ ಹೆದರಿಕೆ ಹೆಸರಿನದ್ದು. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸಿಎಸ್‌ಇ (ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್) ಸಂಸ್ಥೆ 13 ಬ್ರ್ಯಾಂಡುಗಳ ಜೇನು ಪರೀಕ್ಷೆ ಮಾಡಿಸಿ, ಎಲ್ಲಾ ಪರೀಕ್ಷೆಯಲ್ಲೂ ಪಾಸಾದದ್ದು 3 ಮಾತ್ರ ಅಂತ ಹೇಳಿದ ಮೇಲೆ ಜನರಿಗೆ ಜೇನು ಅಂದರೆ ಸಕ್ಕರೆ ಪಾಕ ಅನ್ನೋ ಅನುಮಾನ ಕೂತುಬಿಟ್ಟಿದೆ. ತಪ್ಪೇನಿಲ್ಲ, ಅನುಮಾನ ಪಡಬೇಕಾದ ಮಾಲು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಆದರೆ ನಮ್ಮದು ಅದಲ್ಲ ಅಂತ ತೋರಿಸುವುದು ಹೇಗೆ?

ಮೊದಲು ನಮ್ಮೂರಿನ ವಕೀಲರ ಹತ್ತಿರವೇ ಹೋದದ್ದು. ಒಳ್ಳೆಯವರು, ಜಮೀನಿನ ಕೇಸಿನಲ್ಲಿ ಅವರನ್ನು ಬಿಟ್ಟರಿಲ್ಲ. ರಿಪೋರ್ಟಿನ ಮೊದಲ ಪುಟ ನೋಡಿ, ಸ್ಯಾಂಪಲ್ ಸೀಲು ಸರಿಯಿಲ್ಲ ಅನ್ನೋಣ, ಮೂವತ್ತು ದಿನದೊಳಗೆ ಅಪೀಲು ಹಾಕಿ ರೀಟೆಸ್ಟ್ ಕೇಳೋಣ ಅಂದರು. ಕೇಳೋಕೆ ಸರಿ ಅನ್ನಿಸಿತು. ಆದರೆ ಎಚ್‌ಎಂಎಫ್ ಅಂದರೆ ಏನು ಅಂತ ಕೇಳಿದಾಗ ‘ಅದೇನೋ ಕೆಮಿಕಲ್’ ಅಂದರು. ಅಲ್ಲಿ ನನಗೆ ಸ್ವಲ್ಪ ಇರುಸುಮುರುಸಾಯಿತು. ಗುರುತಿನ ಒಬ್ಬ ಬೇಕರಿಯವರು ಈ ಮೇಡಂ ವಿಷಯ ಹೇಳಿದರು. ಮಾನಸಗಂಗೋತ್ರಿಯಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಮಾಡಿ, ಕೆಲವು ವರ್ಷ ಆಹಾರದ ಕಂಪನಿಯೊಂದರ ಲ್ಯಾಬಿನಲ್ಲಿ ದುಡಿದು, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಓದಿ ವಕೀಲರಾದವರು. ದೊಡ್ಡ ಆಫೀಸಿಲ್ಲ. ಮನೆಯ ಮುಂದಿನ ಕೋಣೆ, ಅವರೊಬ್ಬರು, ಒಬ್ಬ ಗುಮಾಸ್ತ. ಜೂನಿಯರ್ ಅಂತ ಯಾರೂ ಇಲ್ಲ.

ಹೋದ ದಿನ ಅವರು ಕಾಯ್ದೆ ಪುಸ್ತಕ ಮುಟ್ಟಲೇ ಇಲ್ಲ. ರಿಪೋರ್ಟಿನ ಎಲ್ಲಾ ಪುಟ ಕೇಳಿದರು, ಕೊನೆಯಿಂದ ಓದಿದರು. ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋದರು. ಸುಕ್ರೋಸ್ 5ರ ಒಳಗಿದೆ. ಫ್ರಕ್ಟೋಸ್-ಗ್ಲೂಕೋಸ್ ಅನುಪಾತ 0.95 ಮತ್ತು 1.5ರ ನಡುವೆ ಇದೆ. ಸಿ4 ಸಕ್ಕರೆ, ಅಂದರೆ ಕಬ್ಬು, ಮೆಕ್ಕೆಜೋಳದಂಥ ಗಿಡಗಳಿಂದ ಬರುವ ಸಕ್ಕರೆ, 7ರ ಒಳಗೆ. ಬಿಸಿ ತಗುಲಿದರೆ ಕಡಿಮೆಯಾಗುವ ಡಯಾಸ್ಟೇಸ್ ಅನ್ನೋ ಕಿಣ್ವ 3ಕ್ಕಿಂತ ಮೇಲೆ, ಆದರೆ ತುಂಬಾ ಮೇಲಲ್ಲ. ಆಮೇಲೆ ತಲೆಯೆತ್ತಿ, ‘ಇದು ಪಾಕ ಬೆರೆಸಿದ ಜೇನಲ್ಲ, ಬಿಸಿ ತಿಂದ ಜೇನು. ಎಲ್ಲಿ ಬಿಸಿ ತಿಂತು ಅಂತ ಹುಡುಕಬೇಕು, ಅಷ್ಟೇ ಕೇಸು’ ಅಂದರು.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ, ಜೇನು ತಿನ್ನುವವರಿಗೂ ಉಪಯೋಗ ಆಗುತ್ತದೆ. ಜೇನು ಹುಳಿ ಪದಾರ್ಥ. ಅದರಲ್ಲಿರುವ ಫ್ರಕ್ಟೋಸ್ ಆ ಹುಳಿಯಲ್ಲಿ ನಿಧಾನಕ್ಕೆ ನೀರಿನ ಅಂಶ ಕಳೆದುಕೊಂಡು ಎಚ್‌ಎಂಎಫ್ ಆಗುತ್ತದೆ. ಎರಿಯಿಂದ ಆಗಷ್ಟೇ ತೆಗೆದ ಜೇನಿನಲ್ಲಿ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಾಲ ಕಳೆದ ಹಾಗೆ ಏರುತ್ತದೆ, ಬಿಸಿ ಇದ್ದರೆ ಇನ್ನೂ ಬೇಗ ಏರುತ್ತದೆ. 30 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಹಿಡಿಯುವ ಏರಿಕೆಗೆ 40ರಲ್ಲಿ ವಾರಗಳು ಸಾಕು, 70ರಲ್ಲಿ ಕೆಲವು ಗಂಟೆ ಸಾಕು. ಯುರೋಪಿನಲ್ಲಿ ಮಿತಿ ಸಾಮಾನ್ಯವಾಗಿ 40, ಬಿಸಿಲಿನ ದೇಶಗಳ ಜೇನಿಗೆ 80. ಹವೆಯ ಪಾತ್ರ ಎಷ್ಟು ಅನ್ನೋದು ಆ ಮಿತಿಯಲ್ಲೇ ಇದೆ. ಸಕ್ಕರೆಯನ್ನು ಆಸಿಡ್ ಹಾಕಿ ಒಡೆದು ಮಾಡಿದ ಪಾಕದಲ್ಲೂ ಇದು ಜಾಸ್ತಿ ಇರುತ್ತದೆ, ಅದಕ್ಕೇ ಕಲಬೆರಕೆಯ ಸುಳಿವು ಅಂತ ನೋಡುತ್ತಾರೆ. ಆದರೆ ಬರೀ ಎಚ್‌ಎಂಎಫ್ ಜಾಸ್ತಿ, ಉಳಿದದ್ದೆಲ್ಲಾ ಸರಿ ಅಂದರೆ ಕಥೆ ಬೇರೆ. ಅಂದಹಾಗೆ ಇದು ವಿಷವೇನೂ ಅಲ್ಲವಂತೆ, ಹುರಿದ ಕಾಫಿಬೀಜದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಇರುತ್ತದೆ. ಕೊಡಗಿನವನಿಗೆ ಇದನ್ನು ಹೇಳಿದರೆ ಧೈರ್ಯ ಬರದೇ ಇರುತ್ತಾ!

ಈಗ ಅಸಲಿ ವಿಷಯ. ಅಪೀಲು ಹಾಕಿ ರೀಟೆಸ್ಟ್ ಕೇಳುವುದು ಬೇಡ ಅಂದರು.

ನಾನು ತಬ್ಬಿಬ್ಬಾದೆ. ಕಾಯ್ದೆಯೇ ಕೊಟ್ಟಿರುವ ದಾರಿ ಅದು. ಸ್ಯಾಂಪಲ್ ತೆಗೆದಾಗ ನಾಲ್ಕು ಭಾಗ ಮಾಡುತ್ತಾರೆ, ಒಂದು ಫುಡ್ ಅನಲಿಸ್ಟ್‌ಗೆ ಹೋಗುತ್ತದೆ, ಎರಡು ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿಯ (ಡೆಸಿಗ್ನೇಟೆಡ್ ಆಫೀಸರ್) ಹತ್ತಿರ ಉಳಿಯುತ್ತವೆ, ಅಂಗಡಿಯವರು ಅಲ್ಲೇ ಕೇಳಿದರೆ ನಾಲ್ಕನೆಯದು ಮಾನ್ಯತೆ ಇರುವ ಬೇರೆ ಲ್ಯಾಬಿಗೆ ಹೋಗುತ್ತದೆ. ಅನಲಿಸ್ಟ್ ರಿಪೋರ್ಟ್ ಒಪ್ಪದಿದ್ದರೆ ಮೂವತ್ತು ದಿನದಲ್ಲಿ ಅಪೀಲು, ಅಧಿಕಾರಿ ಒಪ್ಪಿದರೆ ಉಳಿದ ಭಾಗ ರೆಫರಲ್ ಲ್ಯಾಬಿಗೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದ್ದೇ ಒಂದು ರೆಫರಲ್ ಲ್ಯಾಬ್, ಮೇಡಂ ಮನೆಯಿಂದ ದೂರವೇನಲ್ಲ. ಎಲ್ಲರೂ ಮಾಡುವುದು ಇದನ್ನೇ. ಆದರೆ ಅವರ ಲೆಕ್ಕ ಹೀಗಿತ್ತು: ಸ್ಯಾಂಪಲ್ ತೆಗೆದದ್ದು ಏಪ್ರಿಲ್‌ನಲ್ಲಿ, ರೆಫರಲ್ ಲ್ಯಾಬಿಗೆ ಮುಟ್ಟುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ, ಅಲ್ಲಿಯವರೆಗೆ ಆ ಬಾಟಲಿ ಯಾವ ಬೀರುವಿನಲ್ಲಿ ಎಷ್ಟು ಬಿಸಿಯಲ್ಲಿ ಕೂತಿತ್ತು ಅಂತ ದಾಖಲೆ ಇರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಜೇನನ್ನು ಇಟ್ಟಷ್ಟೂ ಎಚ್‌ಎಂಎಫ್ ಏರುತ್ತದೆ, ಇಳಿಯುವ ಮಾತಿಲ್ಲ. 96 ಇದ್ದದ್ದು 110 ಆಗಿ ಬಂದರೆ? ಅದರ ಮೇಲೆ ರೆಫರಲ್ ಲ್ಯಾಬಿನ ರಿಪೋರ್ಟೇ ಕೊನೆ, ಮತ್ತೆ ಬಾಯಿ ತೆಗೆಯುವ ಹಾಗಿಲ್ಲ. ‘ಹಾಲಿನದ್ದೋ ಎಣ್ಣೆಯದ್ದೋ ಆಗಿದ್ದರೆ ಬೇರೆ ಥರ ಯೋಚನೆ ಮಾಡ್ತಿದ್ದೆ. ಇಲ್ಲಿ ರೀಟೆಸ್ಟ್ ಕೇಳಿದರೆ ನಾವೇ ನಮ್ಮ ಮೇಲೆ ಸಾಕ್ಷಿ ತಂದ ಹಾಗೆ’ ಅಂದರು.

ಮೂವತ್ತು ದಿನ ದಾಟಿದರೆ ಆ ಬಾಗಿಲು ಮುಚ್ಚುತ್ತದೆ ಅನ್ನೋದನ್ನೂ ಹೇಳಿದರು. ಹೋದರೆ ಏನು, ಬಿಟ್ಟರೆ ಏನು ಅಂತ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೈಗೆ ಕೊಟ್ಟರು. ಯೋಚನೆ ಮಾಡಿ ನೀವೇ ಹೇಳಿ ಅಂದರು. ನಾನು ಕಂಡ ವಕೀಲರಲ್ಲಿ ತಮ್ಮ ಸಲಹೆಯನ್ನು ಹೀಗೆ ಬರೆದುಕೊಟ್ಟವರು ಇವರೊಬ್ಬರೇ. ಆಮೇಲೆ ಏನಾದರೂ ಎಡವಟ್ಟಾದರೆ ಆ ಹಾಳೆ ಅವರ ವಿರುದ್ಧವೇ ನಿಲ್ಲುತ್ತದೆ, ಗೊತ್ತಿದ್ದೂ ಕೊಟ್ಟರು.

ಇನ್ನು ಸೀಲಿನ ವಿಷಯ. ಕಾಗದ ನೋಡಿ, ಸೀಲು ಸರಿಯಾಗಿದೆ, ಫಾರಂ ಸರಿಯಾಗಿದೆ, ಅದನ್ನು ಎತ್ತುವುದೇ ಇಲ್ಲ ಅಂದರು. ಯಾವ ವಿಧಾನದಲ್ಲಿ ಅಳೆದರು ಅಂತ ರಿಪೋರ್ಟಿನಲ್ಲಿ ಇರಲಿಲ್ಲ, ಪತ್ರ ಬರೆದು ಕೇಳಿದರು. ವೈಟ್ ವಿಧಾನ ಅಂತ ಉತ್ತರ ಬಂತು. 284 ಮತ್ತು 336 ನ್ಯಾನೋಮೀಟರಿನ ಬೆಳಕು ಎಷ್ಟು ಹೀರಿಕೊಳ್ಳುತ್ತದೆ ಅಂತ ನೋಡಿ ವ್ಯತ್ಯಾಸದಿಂದ ಲೆಕ್ಕ ಹಾಕುವುದಂತೆ. ಅದು ಒಪ್ಪಿತ ವಿಧಾನ, ಲ್ಯಾಬಿನವರನ್ನು ಬೈಯುವುದರಲ್ಲಿ ಅರ್ಥವಿಲ್ಲ ಅಂತ ಆ ವಾದವನ್ನೂ ಕೈಬಿಟ್ಟರು. ಫಲಿತಾಂಶದಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದು ಅನ್ನೋ ಅಂಕಿ ನಮೂದಾಗಿಲ್ಲ ಅಂತ ಮಾತ್ರ ಒಂದು ಸಾಲು ಸೇರಿಸಿದರು. 96 ಮತ್ತು 80ರ ನಡುವಿನ ಅಂತರ ಅದರಿಂದ ಮುಚ್ಚಿಹೋಗಲ್ಲ ಅಂತ ಅವರೇ ನನಗೆ ಹೇಳಿಯೂ ಇದ್ದರು. ನನಗೆ ಆಗ ಸ್ವಲ್ಪ ಸಿಟ್ಟೇ ಬಂದಿತ್ತು. ದುಡ್ಡು ಕೊಟ್ಟು ವಕೀಲರನ್ನು ಇಟ್ಟರೆ ಇವರು ಎದುರು ಪಾರ್ಟಿಯ ವಾದ ಎಲ್ಲಾ ಸರಿ ಅಂತಾರಲ್ಲ! ಈಗ ಅನ್ನಿಸುತ್ತದೆ, ಹತ್ತು ವಾದ ಹಾಕಿದ್ದರೆ ವಿಚಾರಣೆ ಮಾಡುವ ಅಧಿಕಾರಿ ಒಂದನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವರು ಹಿಡಿದದ್ದು ಒಂದೇ ಎಳೆ. ನಾವು ಪ್ರತಿ ಬ್ಯಾಚಿನಿಂದ ಎರಡು ಬಾಟಲಿ ತೆಗೆದು ಒಳಗಿನ ತಣ್ಣನೆ ಕೋಣೆಯಲ್ಲಿ ಇಡುತ್ತೇವೆ. ಇದನ್ನು ಕೇಳಿ ಮೇಡಂ ಮುಖ ಅರಳಿತು, ‘ಕಂಟ್ರೋಲ್ ಇದೆ ಅನ್ನಿ!’ ಅಂದರು. ಕಂಟ್ರೋಲ್ ಅಂದರೆ ಹೋಲಿಸಿ ನೋಡೋಕೆ ಇಟ್ಟದ್ದು: ಅದೇ ಬ್ಯಾಚು, ಅದೇ ದಿನ ತುಂಬಿದ್ದು, ಅಂಗಡಿಗೆ ಹೋಗದೆ ಉಳಿದದ್ದು. ಆದರೆ ತಕ್ಷಣ ಎಚ್ಚರಿಕೆಯನ್ನೂ ಕೊಟ್ಟರು, ಇದರಲ್ಲೂ 80 ದಾಟಿದ್ದರೆ ಬಿಸಿ ಮಾಡಿದ್ದು ನೀವೇ ಅಂತಾಗುತ್ತದೆ, ಆಗ ನಾನು ಹೀಗೆ ವಾದ ಮಾಡಲ್ಲ, ಮೊದಲು ಟೆಸ್ಟ್ ಆಗಲಿ ಅಂದರು. ಸಾಕ್ಷಿಗಳ ಮುಂದೆ ಸೀಲ್ ಮಾಡಿಸಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಬರೆಸಿ, ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಒಪ್ಪಿದ ಲ್ಯಾಬಿಗೆ ಕಳಿಸಿದರು. ಅದೇ ವೈಟ್ ವಿಧಾನದಲ್ಲೇ ಅಳೆಯಿರಿ ಅಂತ ಬರೆದುಕೊಟ್ಟರು, ಬೇರೆ ವಿಧಾನದ ಅಂಕಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಯಾರಾದರೂ ಪ್ರಶ್ನೆ ಮಾಡುತ್ತಾರೆ ಅಂತ. 21 ಬಂತು.

ಆಮೇಲೆ ಬಿಸಿ ಎಲ್ಲಿಂದ ಬಂತು ಅನ್ನೋದು. ನಮ್ಮ ಸೇಲ್ಸ್ ಹುಡುಗನ ಹತ್ತಿರ ಆ ಅಂಗಡಿಯ ಫೋಟೋ ಇತ್ತು, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಗಾಜಿನ ಶೋಕೇಸಿನಲ್ಲಿ ನಮ್ಮ ಬಾಟಲಿಗಳ ಸಾಲು. ವಾಟ್ಸಾಪಿನಲ್ಲಿ ಕಳಿಸಿದ್ದೆ. ಮೇಡಂ ಅದು ಬೇಡ ಅಂದರು, ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ತೆಗೆದ ದಿನ, ಸಮಯ ಎಲ್ಲಾ ಅಳಿಸಿಹೋಗಿರುತ್ತದೆ. ಹುಡುಗನನ್ನೇ ಫೋನ್ ಸಮೇತ ಕರೆಸಿ ಮೂಲ ಫೈಲು ತೆಗೆಸಿ, ಹೊಸ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಮಾಡಿಸಿದರು. ಅದರಲ್ಲಿ ಫೈಲನ್ನು ತಿದ್ದಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆ ಹಾಕಬೇಕು, ಎರಡನೇ ಭಾಗಕ್ಕೆ ತಜ್ಞರೊಬ್ಬರ ಸಹಿ ಬೇಕು. ದಂಡ ತೀರ್ಮಾನಿಸುವ ಎಡಿಸಿ (ಅಪರ ಜಿಲ್ಲಾಧಿಕಾರಿ) ಮುಂದಿನ ವಿಚಾರಣೆಗೆ ಇಷ್ಟೆಲ್ಲಾ ಬೇಕಾ ಅಂತ ಕೇಳಿದೆ. ಮುಂದೆ ಎಡಿಸಿ ಆದೇಶದ ಮೇಲೆ ಅಪೀಲು ಕೇಳುವ ಟ್ರಿಬ್ಯುನಲ್‌ಗೆ ಹೋದರೆ ಆಗ ಹುಡುಕೋಕೆ ಆಗಲ್ಲ ಅಂದರು. ಹವಾಮಾನ ಇಲಾಖೆಯಿಂದ ಆ ಊರಿನ ಮಾರ್ಚ್-ಏಪ್ರಿಲ್ ಉಷ್ಣಾಂಶದ ಪಟ್ಟಿಯನ್ನೂ ತರಿಸಿದರು. ನಮ್ಮ ಲೇಬಲ್ ಮೇಲೆ ‘ತಂಪಾದ ಜಾಗದಲ್ಲಿಡಿ, ಬಿಸಿಲಿಗೆ ಇಡಬೇಡಿ’ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇತ್ತು. ತಯಾರಿಸಿದವನ ಹೊಣೆ ಎಲ್ಲಿಗೆ ಮುಗಿಯುತ್ತದೆ, ಸಾಗಿಸಿದವರ, ಮಾರಿದವರ ಹೊಣೆ ಎಲ್ಲಿಂದ ಶುರುವಾಗುತ್ತದೆ ಅಂತ ಹೇಳುವ ಸೆಕ್ಷನ್ 27ಕ್ಕೆ ಆ ಸಾಲೇ ಆಧಾರವಾಯಿತು. ಕಾಯ್ದೆ ಪುಸ್ತಕ ಹೊರಗೆ ಬಂದದ್ದು ಆಗ.

ಇಲ್ಲೊಂದು ಫಜೀತಿ ಇತ್ತು. ನೋಟಿಸು ಅಂಗಡಿಯವರಿಗೂ ಬಂದಿತ್ತು. ಅವರು ನಮ್ಮ ಹಳೆಯ ಗಿರಾಕಿ, ಒಳ್ಳೆಯ ಮನುಷ್ಯ. ಇಬ್ಬರದ್ದೂ ನೀವೇ ನೋಡಿಕೊಳ್ಳಿ ಮೇಡಂ, ಖರ್ಚು ಹಂಚಿಕೊಳ್ಳುತ್ತೇವೆ ಅಂದೆವು. ಆಗಲ್ಲ ಅಂದರು. ನಿಮ್ಮ ವಾದ ಗೆದ್ದರೆ ಅವರಿಗೆ ಏಟು, ಇಬ್ಬರ ವಕಾಲತ್ತು ನಾನು ಹಾಕುವ ಹಾಗಿಲ್ಲ, ಮೊದಲು ಅವರ ಹತ್ತಿರ ಕೂತು ಮಾತಾಡಿ, ಅವರ ಜೊತೆ ವ್ಯಾಪಾರ ಮುಂದುವರಿಯಬೇಕಾ ಬೇಡವಾ ತೀರ್ಮಾನ ಮಾಡಿ ಆಮೇಲೆ ಬನ್ನಿ ಅಂತ ಕಳಿಸಿದರು. ಮಾತಾಡಿದೆವು. ಸುಲಭ ಇರಲಿಲ್ಲ. ಅವರು ಅಲ್ಲಿಯೇ ಬೇರೆ ವಕೀಲರನ್ನು ಇಟ್ಟುಕೊಂಡರು. ಈಗಲೂ ನಮ್ಮ ಮಾಲು ತರಿಸುತ್ತಾರೆ, ಆದರೆ ಫೋನಿನಲ್ಲಿ ಮೊದಲಿನ ಹಾಗೆ ಹರಟೆ ಹೊಡೆಯಲ್ಲ.

ವಿಚಾರಣೆಯ ದಿನ ಮೇಡಂ ಅವರ ವೀಕ್ನೆಸ್ಸೂ ಗೊತ್ತಾಯಿತು. ಮೇಷ್ಟರ ಹಾಗೆ ಶುರುಮಾಡಿಬಿಡುತ್ತಾರೆ. ಫ್ರಕ್ಟೋಸ್ ಅಂತ ಶುರುವಾಗಿ ಉಷ್ಣಾಂಶದ ಗ್ರಾಫಿಗೆ ಬರುವಷ್ಟರಲ್ಲಿ ಅಧಿಕಾರಿ ಗಡಿಯಾರ ನೋಡಿ, ಮೇಡಂ ಕ್ಲಾಸ್ ಬೇಡ, ಪಾಯಿಂಟ್ ಹೇಳಿ ಅಂದರು. ಅವರ ಮುಂದೆ ಆ ದಿನ ಬೇಕಾದಷ್ಟು ಫೈಲುಗಳಿದ್ದವು, ಅವರದ್ದೂ ತಪ್ಪಲ್ಲ. ನನಗೆ ಎದೆ ಧಸಕ್ ಅಂತು. ಮುಂದಿನ ಡೇಟಿಗೆ ಮೇಡಂ ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿಕೊಂಡು ಬಂದರು, ಎಡಗಡೆ ಅಂಗಡಿಯ ಬಾಟಲಿ 96, ಬಲಗಡೆ ನಮ್ಮ ಬಾಟಲಿ 21, ಕೆಳಗೆ ಫೋಟೋ. ಅಧಿಕಾರಿ ಅದನ್ನು ತಿರುಗಿಸಿ ನೋಡಿ, ಮಾತಿಲ್ಲದೆ ಫೈಲಿಗೆ ಸೇರಿಸಿಕೊಂಡರು. ಈ ಒಂದು ಪುಟ ಮೊದಲ ದಿನವೇ ಬಂದಿದ್ದರೆ ಚೆನ್ನಾಗಿತ್ತು ಅಂತ ನಾನು ಅವರಿಗೇ ಹೇಳಿದ್ದೇನೆ. ನಕ್ಕು ಸುಮ್ಮನಾದರು.

ಪೂರ್ತಿ ಗೆದ್ದೆವಾ? ಇಲ್ಲ. ಮಿತಿ ದಾಟಿದ್ದು ನಿಜ, ಬಾಟಲಿ ಮೇಲೆ ಹೆಸರು ನಿಮ್ಮದು ಅಂತ ನಮಗೂ ದಂಡ ಬಿತ್ತು, 15,000 ರೂಪಾಯಿ. ದಂಡ ಎಷ್ಟು ಅಂತ ನಿರ್ಧರಿಸುವಾಗ ಲಾಭ ಮಾಡಿಕೊಂಡರಾ, ಮತ್ತೆ ಮತ್ತೆ ಮಾಡಿದ್ದಾ, ಗೊತ್ತಿದ್ದೂ ಮಾಡಿದ್ದಾ ಅಂತೆಲ್ಲಾ ನೋಡಬೇಕು ಅಂತ ಸೆಕ್ಷನ್ 49 ಹೇಳುತ್ತದೆ, ಅದನ್ನು ಒತ್ತಿ ಹೇಳಿದ್ದು ಕೆಲಸ ಮಾಡಿತು. ಆದೇಶದಲ್ಲಿ ಸಕ್ಕರೆ ಪಾಕದ ಕಲಬೆರಕೆಗೆ ಸಂಬಂಧಿಸಿದ ಪರೀಕ್ಷೆಗಳೆಲ್ಲಾ ಮಿತಿಯೊಳಗಿವೆ ಅನ್ನೋ ಸಾಲು ಬಂತು. ನನಗೆ ಬೇಕಾಗಿದ್ದದ್ದು ಅದು. ಟ್ರಿಬ್ಯುನಲ್‌ಗೆ ಅಪೀಲು ಹೋಗೋಣವಾ ಅಂತ ನಾನೇ ಕೇಳಿದೆ. ಹೋದರೆ ನನಗೆ ಫೀಸು ಬರುತ್ತೆ, ನಿಮಗೆ ದಂಡಕ್ಕಿಂತ ಜಾಸ್ತಿ ಖರ್ಚಾಗುತ್ತೆ, ದಂಡ ಕಟ್ಟಿ ಅಂಗಡಿಗಳಿಗೆ ಹೋಗಿ ಶೋಕೇಸು ನೋಡಿ ಬನ್ನಿ ಅಂದರು.

ಅವರ ಆಫೀಸಿನ ಬೆಂಚಿನಲ್ಲಿ ಕಾಯುವಾಗ ಒಬ್ಬ ಲಾರಿ ಡ್ರೈವರ್ ಸಿಕ್ಕಿದ್ದರು. ಕುಡಿದು ಓಡಿಸಿದ ಅಂತ ಅವರ ಮೇಲೆ ಕೇಸು, ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮದ್ಯಸಾರದ ಮಿತಿಯನ್ನು ಸ್ವಲ್ಪವೇ ದಾಟಿತ್ತಂತೆ. ಮೇಡಂ ಕೇಳಿದ ಮೊದಲ ಪ್ರಶ್ನೆ, ಸೂಜಿ ಚುಚ್ಚುವ ಮುಂಚೆ ಚರ್ಮ ಒರೆಸಿದ್ದು ಸ್ಪಿರಿಟ್ಟಿನಲ್ಲಾ? ಎರಡನೆಯದು, ರಕ್ತ ಕೆಡದ ಹಾಗೆ ಸೋಡಿಯಂ ಫ್ಲೋರೈಡ್ ಹಾಕಿದ್ದರಾ? ‘ಕುಡಿದಿದ್ರಾ’ ಅನ್ನೋದು ಮೂರನೆಯದು ಅಂತ ಹೇಳಿ ಅವರೇ ನಗುತ್ತಿದ್ದರು. ಅವರ ಕೇಸು ಏನಾಯಿತೋ ಗೊತ್ತಿಲ್ಲ.

ಕಿರಿಕಿರಿಗಳು ಇವೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆವರೆಗೆ ಫೋನ್ ಎತ್ತಲ್ಲ, ರಾತ್ರಿ ಎಂಟರ ಮೇಲೆ ಅವರೇ ಮಾಡುತ್ತಾರೆ, ಆಗ ನೀವು ಊಟಕ್ಕೆ ಕೂತಿದ್ದರೂ ಮಾತಾಡಬೇಕು. ಒಬ್ಬರೇ ಆದ್ದರಿಂದ ಅವರಿಗೆ ಜ್ವರ ಬಂದರೆ ಡೇಟ್ ಮುಂದಕ್ಕೆ, ಬದಲಿಗೆ ನಿಲ್ಲುವವರಿಲ್ಲ. ನಮಗೆ ಒಮ್ಮೆ ಹಾಗಾಗಿ ಕೊಡಗಿನಿಂದ ಅಷ್ಟು ದೂರ ಹೋದ ಗಾಡಿ ಬಾಡಿಗೆ ದಂಡ ಆಯಿತು. ಫೀಸು ಕಡಿಮೆ ಅಲ್ಲ, ನಮ್ಮೂರಿನಲ್ಲಿ ಕೇಳಿದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು, ಲ್ಯಾಬಿನ ಬಿಲ್ಲು ಬೇರೆ. ಆದರೆ ಎಲ್ಲವನ್ನೂ ಮೊದಲೇ ಬರೆದು ಕೊಟ್ಟಿದ್ದರು, ಆಮೇಲೆ ಮೇಲಿಂದ ಮೇಲೆ ‘ಸ್ವಲ್ಪ ಖರ್ಚಿದೆ’ ಅಂತ ಕೇಳಲಿಲ್ಲ. ಸಮಾಧಾನದ ಮಾತು ನಿರೀಕ್ಷೆ ಮಾಡಬೇಡಿ. ನನ್ನ ಹೆಂಡತಿ ‘ಏನೂ ಆಗಲ್ಲ ಅಲ್ವಾ ಮೇಡಂ’ ಅಂತ ಕೇಳಿದರೆ ‘ಈಗಲೇ ಹೇಳೋಕಾಗಲ್ಲ’ ಅಂದುಬಿಟ್ಟರು.

ಜಮೀನು ಭಾಗ, ಡೈವೋರ್ಸ್, ಚೆಕ್ ಬೌನ್ಸ್ ತೆಗೆದುಕೊಂಡು ಹೋದರೆ ಬೇರೆಯವರ ಹೆಸರು ಹೇಳಿ ಕಳಿಸುತ್ತಾರೆ. ಎಣ್ಣೆ ಗಾಣ, ಬೇಕರಿ, ಮಸಾಲೆ ಪುಡಿ, ಉಪ್ಪಿನಕಾಯಿ ಮಾಡುವ ಸಣ್ಣವರಿಗೆ, ಕೈಯಲ್ಲಿ ಲ್ಯಾಬ್ ರಿಪೋರ್ಟ್ ಹಿಡಿದು ಕಂಗಾಲಾದವರಿಗೆ ಇವರಂಥವರು ಸರಿ. ನಿಮ್ಮ ಊರಿನಲ್ಲಿ ಇಂಥವರನ್ನು ಹುಡುಕುವುದಾದರೆ, ಯಾವ ಕಾಲೇಜು, ಎಷ್ಟು ವರ್ಷದ ಪ್ರಾಕ್ಟೀಸು ಅಂತ ಕೇಳುವುದು ಆಮೇಲೆ ಇರಲಿ. ರಿಪೋರ್ಟನ್ನು ಮುಂದಿಟ್ಟು ಸುಮ್ನೆ ಕೂರಿ. ಮೊದಲ ಪುಟದ ‘ಫೇಲ್’ ನೋಡಿ ಮಾತು ಶುರುಮಾಡುತ್ತಾರಾ, ಪಾಸಾದ ಅಂಕಿಗಳನ್ನೂ ಓದುತ್ತಾರಾ ಅಂತ ನೋಡಿ. ಹೋಗುವಾಗ ರಿಪೋರ್ಟಿನ ಎಲ್ಲಾ ಪುಟ, ಬ್ಯಾಚಿನ ರಿಜಿಸ್ಟರು, ಖಾಲಿ ಲೇಬಲ್ ಒಂದು, ಮಾಲು ಕಳಿಸಿದ ಬಿಲ್ಲು ತೆಗೆದುಕೊಂಡು ಹೋಗಿ. ರಿಪೋರ್ಟ್ ಬಂದ ಅಂಚೆ ಲಕೋಟೆಯನ್ನು ಎಸೆಯಬೇಡಿ. ಮೂವತ್ತು ದಿನದ ಲೆಕ್ಕ ಅದು ನಿಮ್ಮ ಕೈಗೆ ಸಿಕ್ಕ ದಿನದಿಂದ, ಲಕೋಟೆಯ ಮೇಲಿನ ಅಂಚೆ ಮುದ್ರೆ ಆ ಲೆಕ್ಕಕ್ಕೆ ಬೇಕಾಗುತ್ತದೆ.